ನಾಲ್ಕು ಮಗ್ಗಗಳ ನಡುವೆ ಸಾತವ್ವಕ್ಕನ ಬಿ.ಎ.

"ಇನ್ನೊಮ್ಮೆ ಹಾಕ್ರಿ ಸರ."

"ಎಷ್ಟ ಸಲ ಹಾಕೂದ್ರಿ ಸಾತವ್ವಾರ? ಮೂರ ಸಲ ಆತು. ಮೂರೂ ಸಲ ಅದ ಬಂತು."

"ಇಲ್ರಿ ಸರ, ನಾ ಮಾತಾಡೇನ್ರಿ. ಮೇಡಂ ಕೇಳಿದ್ದಕ್ಕೆಲ್ಲಾ ಉತ್ತರಾ ಕೊಟ್ಟೇನ್ರಿ. ಬನಶಂಕರಿ ಆಣಿ."

"ಆಣಿ ಕೇಳಸ್ತೈತ್ರಿ. ಉತ್ತರಾ ಕೇಳಸವಲ್ವು."

ಭರತೇಶ ಸರ್ ನಿಟ್ಟುಸಿರು ಬಿಟ್ಟು ನಾಲ್ಕನೇ ಸಲ ವಿಡಿಯೊ ಹಾಕಿದರು. ನಾನು ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ತಲೆ ತೂರಿಸಿದೆ.

ಜಮಖಂಡಿಯಲ್ಲಿ ಒಂದು ಹಳೆಯ ಕಟ್ಟಡದ ಹಿಂಭಾಗದ ಎರಡು ಕೋಣೆಗಳೇ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ. ಭರತೇಶ ಸರ್ ಅದರ ಸಂಯೋಜಕರು, ದಿನಾ ತೇರದಾಳದಿಂದ ಬಂದು ಹೋಗುತ್ತಾರೆ. ನಾನು ಬಿಸಿಎ ಎರಡನೇ ವರ್ಷ. ಇಂಟರ್ನ್‌ಶಿಪ್ ಅಂತ ಪ್ರತಿ ಗುರುವಾರ ಇಲ್ಲಿಗೆ ಬರುತ್ತೇನೆ. ಪಾಸ್‌ವರ್ಡ್ ಮರೆತವರಿಗೆ ಹೊಸ ಪಾಸ್‌ವರ್ಡ್ ಮಾಡಿಕೊಡುವುದು, ಆನ್‌ಲೈನ್ ಕ್ಲಾಸಿನ ಲಿಂಕ್ ತೆರೆಯದಿದ್ದರೆ ತೆರೆದುಕೊಡುವುದು, ಇಷ್ಟೇ ನನ್ನ ಕೆಲಸ, ಆದರೂ ಗುರುವಾರ ಬಂತೆಂದರೆ ಸಾಕು, ಬಸ್ ಹತ್ತುವ ಮೊದಲೇ ನನಗೆ ಖುಷಿ ಶುರುವಾಗಿರುತ್ತದೆ! ಯಾಕೆಂದರೆ ಇಲ್ಲಿಗೆ ಬರುವವರು ನಮ್ಮ ಕಾಲೇಜಿನವರ ಥರ ಅಲ್ಲವೇ ಅಲ್ಲ. ಬೀಳಗಿಯಿಂದ ಒಬ್ಬ ಅಜ್ಜಿ ಎಂ.ಎ. ಓದಲು ಬರುತ್ತಾರೆ. ಸಮೀರವಾಡಿ ಸಕ್ಕರೆ ಕಾರ್ಖಾನೆಯ ಒಬ್ಬರು ಪಾಳಿ ಮುಗಿಸಿ ನೇರ ಆನ್‌ಲೈನ್ ಕ್ಲಾಸಿಗೆ ಕೂತು, ಕ್ಯಾಮೆರಾ ಎದುರೇ ಗೊರಕೆ ಹೊಡೆದು, ಕ್ಲಾಸು ಮುಗಿದ ಮೇಲೆ "ಪಾಠ ಛಲೋ ಆತ್ರಿ ಸರ" ಅಂತ ಮೆಸೇಜ್ ಹಾಕಿದ್ದರು.

ಆದರೆ ಆ ಗುರುವಾರ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಸಾತವ್ವ ಬನಹಟ್ಟಿಯವರು. ನಲವತ್ತನಾಲ್ಕು ವರ್ಷ. ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದಿಂದ ಓದುತ್ತಿದ್ದಾರೆ, ಆರು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ, ಈ ಸಲ ನೋಂದಣಿ ಮುಗಿಯುತ್ತದೆ. ಎಲ್ಲ ವಿಷಯ ಪಾಸಾಗಿ ಒಂದೇ ಒಂದು ಉಳಿದಿತ್ತು. ಸಮಾಜಶಾಸ್ತ್ರದ ಪ್ರಾಜೆಕ್ಟ್, ಅದರ ವೈವಾ. ವೈವಾ ಮನೆಯಲ್ಲೇ ಕೂತು ಮೊಬೈಲ್‌ನಲ್ಲಿ ಕೊಡಬಹುದಾಗಿತ್ತು. ಕೊಟ್ಟರು. ಹದಿನಾಲ್ಕು ನಿಮಿಷದ ಆ ವೈವಾದ ವಿಡಿಯೊ ಈಗ ನಮ್ಮ ಮುಂದೆ ಓಡುತ್ತಿತ್ತು.

ಮೊದಲ ಒಂದೂವರೆ ನಿಮಿಷ ಎಲ್ಲ ಸರಿಯಾಗಿದೆ. ಸಾತವ್ವ ಹೆಸರು ಹೇಳುತ್ತಾರೆ, ನೋಂದಣಿ ಸಂಖ್ಯೆ ಹೇಳುತ್ತಾರೆ, ದನಿ ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ಹಿಂದೆ ಎಲ್ಲೋ ಗಡಗಡ ಶುರುವಾಗುತ್ತದೆ. ಅಲ್ಲಿಂದ ಮುಂದೆ ಅವರ ತುಟಿ ಅಲ್ಲಾಡುತ್ತದೆ, ಕೈ ಮೇಲೆ ಕೆಳಗೆ ಆಡುತ್ತದೆ, ದನಿ ಮಾತ್ರ ಇಲ್ಲ. ಪರೀಕ್ಷಕರಾದ ಮೇಡಂ "ಅಮ್ಮ, ಧ್ವನಿ ಬರ್ತಾ ಇಲ್ಲ" ಅನ್ನುತ್ತಾರೆ. ಸಾತವ್ವ ಬಾಯಿ ಇನ್ನೂ ದೊಡ್ಡದಾಗಿ ತೆರೆಯುತ್ತಾರೆ, ದನಿ ಆಗಲೂ ಇಲ್ಲ. ನಡುವೆ ಎಡಗಡೆ ತಿರುಗಿ ಯಾರಿಗೋ ಅಂಗೈ ತೋರಿಸಿ ಎರಡು ಸಲ ಕೆಳಗೆ ಒತ್ತುತ್ತಾರೆ. "ಪಕ್ಕದಲ್ಲಿ ಯಾರಿದ್ದಾರೆ? ಯಾರನ್ನ ಕೇಳ್ತಾ ಇದ್ದೀರಿ?" ಅಂತ ಮೇಡಂ ದನಿ ಗಡುಸಾಗುತ್ತದೆ.

ವರದಿ ಎರಡೇ ಸಾಲು. ಅಭ್ಯರ್ಥಿ ಉತ್ತರಿಸಲಿಲ್ಲ. ಕ್ಯಾಮೆರಾದ ಹೊರಗಿದ್ದ ವ್ಯಕ್ತಿಗೆ ಕೈಸನ್ನೆ ಮಾಡುತ್ತಿದ್ದರು.

"ಮೈಕ್ ಆಫ್ ಆಗಿತ್ತೇನೋ ಸರ," ಅಂದೆ ನಾನು.

"ಆಫ್ ಆಗಿದ್ರ ಕೆಮ್ಮ ಹೆಂಗ ಕೇಳಸ್ತು? ಆರನೇ ನಿಮಿಷಕ್ಕ ಕೆಮ್ಯಾರ. ಬಳಿ ಸಪ್ಪಳನೂ ಕೇಳಸ್ತೈತಿ." ಸರ್ ಸಾತವ್ವನ ಕಡೆ ತಿರುಗಿದರು. "ಸಿಟ್ಟ ಆಗಬ್ಯಾಡ್ರಿ ಅಕ್ಕಾರ. ಬಾಜೂಕ ಯಾರಿದ್ರು?"

"ನಮ್ಮ ಮನಿಯವ್ರು ಇದ್ರು. ಅವರಿಗೇನ್ ಗೊತ್ತೈತ್ರಿ ಸಮಾಜಶಾಸ್ತ್ರ? ಏಳನೇತ್ತ ಎರಡ ಸಲ ಕುಂತಾರ ಅವ್ರು."

ಸರ್ ಕಂಪ್ಯೂಟರಿನಲ್ಲಿ ಒಂದು ಫಾರ್ಮ್ ತೆರೆದರು. ವರದಿಯನ್ನು ಒಪ್ಪಿಕೊಂಡರೆ ಒಂದು ಗುಂಡಿ. ಒಪ್ಪದಿದ್ದರೆ ಇನ್ನೊಂದು, ಅದನ್ನು ಒತ್ತಿದರೆ ಇನ್ನೊಮ್ಮೆ ವೈವಾಕ್ಕೆ ದಿನಾಂಕ ಸಿಗುತ್ತದೆ. ಆದರೆ 'ಕಾರಣ' ಅಂತ ಇರುವ ಖಾಲಿ ಜಾಗ ತುಂಬದೆ ಅದು ಮುಂದಕ್ಕೆ ಹೋಗುವುದಿಲ್ಲ. ಇವತ್ತು ಸಂಜೆಯೇ ಕೊನೆ.

"ಏನಂತ ಬರೀಲಿ? ದನಿ ಯಾಕ ಬರಲಿಲ್ಲ ಅಂತ ನಿಮಗ ಗೊತ್ತಿಲ್ಲ, ನನಗ ಗೊತ್ತಿಲ್ಲ, ಈ ಹುಡುಗೀಗೂ ಗೊತ್ತಿಲ್ಲ."

ಸಾತವ್ವ ಪರದೆಯನ್ನೇ ನೋಡಿದರು. ಕಣ್ಣಿನ ಕೆಳಗೆ ಕಪ್ಪು ಗೆರೆ, ಕೂದಲಿನ ಅಂಚಿನಲ್ಲಿ ನೂಲಿನ ಬಿಳಿ ತುಪ್ಪಳ. ಆಮೇಲೆ ಚೀಲ ತೆಗೆದುಕೊಂಡು ಎದ್ದು ನಿಂತರು.

"ಬಿಡ್ರಿ ಸರ. ಸಾಕಾಗೈತಿ. ಒಪ್ಕೊಂಡೇನಂತ ಒತ್ತಿ ಬಿಡ್ರಿ."

ನನಗೆ ತಡೆಯಲಾಗಲಿಲ್ಲ. "ಆಂಟಿ, ನಾನು ನಿಮ್ಮ ಮನೆಗೆ ಬರ್ತೀನಿ! ಅದೇ ಮೊಬೈಲ್, ಅದೇ ಜಾಗ, ನಾನು ಟೆಸ್ಟ್ ಮಾಡಿ ನೋಡ್ತೀನಿ, ನೆಟ್‌ವರ್ಕ್ ಪ್ರಾಬ್ಲಮ್ಮೇ ಇರಬಹುದು, ಸರ್, ಸಂಜೆವರೆಗೆ ಒತ್ತಬೇಡಿ ಸರ್, ಪ್ಲೀಸ್."

ಭರತೇಶ ಸರ್ ಕೈ ಮೌಸಿನಿಂದ ತೆಗೆದರು. "ಐದರ ತನಕ ಕಾಯ್ತೇನಿ ಪ್ರಾಚಿ. ಆಮ್ಯಾಲ ನಾ ತೇರದಾಳಕ್ಕ ಹೋಗಿ ಹೊತ್ತ ಮುಳುಗೂದರಾಗ ಊಟಾ ಮಾಡಬೇಕು. ನಾವು ಜೈನರು, ಕತ್ತಲಾತಂದ್ರ ನಮ್ಮನ್ಯಾಗ ನೀರೂ ಸಿಗಂಗಿಲ್ಲ."

ಬಾಗಿಲ ಹೊರಗೆ ಬಂದಮೇಲೆ ಸಾತವ್ವ ಅಂದರು: "ಬಾ. ಆದ್ರ ಆಂಟಿ ಅನಬ್ಯಾಡ. ಬಸ್‌ನ್ಯಾಗ ಹತ್ತ ಮಂದಿ ತಿರಗಿ ನೋಡ್ತಾರ. ಅಕ್ಕ ಅನ್ನ."

*

ಬನಹಟ್ಟಿ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟು ಅಕ್ಕ ಪಕ್ಕದಲ್ಲಿ ಕೂತರು. ಕೂತ ಮರುಕ್ಷಣವೇ ಕಣ್ಣು ಮುಚ್ಚಿದರು. ನಿದ್ದೆ ಬಂತು ಅಂದುಕೊಂಡು ನಾನು ಸುಮ್ಮನಿದ್ದರೆ, ಕಣ್ಣು ಮುಚ್ಚಿಕೊಂಡೇ ಮಾತಾಡತೊಡಗಿದರು.

ತವರು ಮುಧೋಳದ ಹತ್ತಿರದ ಹಳ್ಳಿ. ಪಿಯುಸಿ ಪಾಸಾದ ವರ್ಷವೇ ಮದುವೆ. ಗಂಡ ಲಗಮಪ್ಪ. ಬಂದ ದಿನದಿಂದ ಕಂಡಿಕೆಗೆ ನೂಲು ಸುತ್ತಿದ್ದಾರೆ, ಲಾಳಿ ಬದಲಿಸಿದ್ದಾರೆ, ಕಡಿದ ಎಳೆ ಗಂಟು ಹಾಕಿದ್ದಾರೆ. ನಾಲ್ಕು ಮಗ್ಗದ ನಡುವೆ ಆ ಕಡೆ ಈ ಕಡೆ ನಡೆದು ನಡೆದು ಪಾದ ಚಪ್ಪಟೆಯಾಗಿವೆ. ಮಗಳು ಸಂಧ್ಯಾ ನರ್ಸಿಂಗ್ ಓದಲು ಹೋಗುವಾಗ ತನ್ನ ಹಳೆಯ ಮೊಬೈಲ್ ಬಿಟ್ಟು ಹೋದಳು. ಆ ಮೊಬೈಲಿನಿಂದಲೇ ಬಿ.ಎ.

"ಬಿ.ಎ. ಯಾಕ ಮಾಡಬೇಕು ಅನಿಸ್ತು ಅಕ್ಕಾ?"

"ಕುಂಡ್ರಬೇಕು ಅನಿಸ್ತು."

"ಅಂದ್ರೆ?"

"ಮಗ್ಗದ ಮನ್ಯಾಗ ಹೆಂಗಸ ಸುಮ್ಮನ ಕುಂತ್ರ ಏನರ ಒಂದ ಕೆಲಸಾ ಹೇಳ್ತಾರ. ಪುಸ್ತಕಾ ಹಿಡಕೊಂಡ ಕುಂತ್ರ, ಪರೀಕ್ಷಾ ಐತಂತ ಬಿಡ್ರಿ ಅಂತಾರ. ಅದನ್ನ ಹಚ್ಕೊಂಡ ಹೊಂಟ್ನಿ ನೋಡ್ವಾ."

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. "ಕುಂಡ್ರಾಕ ಅಂತ ಹೋಗಿ ನಿಂತ ಓದೂದು ಬಂತು," ಅಂದರು.

ಕ್ಲಾಸುಗಳೆಲ್ಲ ಮಗ್ಗ ಓಡುವ ಹೊತ್ತಿನಲ್ಲೇ ಬರುತ್ತಿದ್ದವಂತೆ. ಮೊಬೈಲನ್ನು ಕಂಬಕ್ಕೆ ನೂಲಿನಿಂದ ಬಿಗಿದು, ಮುಖದ ಎತ್ತರಕ್ಕೆ ನಿಲ್ಲಿಸಿ, ಕೆಲಸ ಮಾಡುತ್ತ ನೋಡುತ್ತಿದ್ದರಂತೆ. ಆಗ ಅವರು ಒಂದು ಮಾತು ಹೇಳಿದರು, ನಾನು ಕಿವಿಗೆ ಹಾಕಿಕೊಳ್ಳಲೇ ಇಲ್ಲ: "ಕೆಲವ್ರು ಸರಗೋಳು ಮಾರಿ ತೋರಸಿ ಪಾಠಾ ಹೇಳ್ತಿದ್ರು. ಅವರ ಸಬ್ಜೆಕ್ಟ್ ಒಂದ ಸಲಕ್ಕ ಪಾಸ. ಕೆಲವ್ರು ಬರೇ ಅಕ್ಷರದ ಹಾಳಿ ತೋರಸಿ ಹಿಂದಿಂದ ಮಾತಾಡ್ತಿದ್ರು. ಮಾರಿ ತೋರಸಲಾರದ ಪಾಠಾ ಹೇಳಿದ್ರ ಹೆಂಗ ತಿಳೀಬೇಕ್ವಾ? ಅದರಾಗ ಎರಡೆರಡ ಸಲ ಹ್ವಾದ್ನಿ."

ಪ್ರಾಜೆಕ್ಟಿನ ವಿಷಯ ಕೇಳಿದೆ. ಕಣ್ಣು ತೆರೆಯದೆ ಶೀರ್ಷಿಕೆ ಒಪ್ಪಿಸಿದರು: "ಪಾವರ್‌ಲೂಮ್ ಕುಟುಂಬಗಳಲ್ಲಿ ಮಹಿಳೆಯರ ವಿಶ್ರಾಂತಿಯ ಸಮಯ."

ವಿಶ್ರಾಂತಿ ಅಂದರು, ನಿಜವಾಗಿಯೂ ನಿದ್ದೆ ಹೋದರು. ಅವರ ತಲೆ ನನ್ನ ಭುಜದ ಮೇಲೆ ಬಿತ್ತು. ಬನಹಟ್ಟಿ ಬರುವವರೆಗೂ ನಾನು ಅಲ್ಲಾಡಲಿಲ್ಲ.

*

ಓಣಿ ತಿರುಗುವಾಗಲೇ ನೆಲ ನಡುಗುವುದು ಚಪ್ಪಲಿಯೊಳಗೆ ಗೊತ್ತಾಯಿತು. ಎರಡೂ ಬದಿ ಮಗ್ಗದ ಮನೆಗಳು. ಅಕ್ಕನ ಮನೆಯ ಬಾಗಿಲು ತೆರೆದರೆ ಮುಂದೆ ಸಣ್ಣ ಕೋಣೆ, ಹಿಂದೆ ಉದ್ದನೆಯ ಶೆಡ್ಡು. ಶೆಡ್ಡಿನೊಳಗೆ ಕಾಲಿಟ್ಟೆನೋ ಇಲ್ಲವೋ, ನನ್ನ ಕಿವಿ ಕೆಲಸ ನಿಲ್ಲಿಸಿತು. ಗದ್ದಲ ಎಂಬ ಮಾತು ಅದಕ್ಕೆ ಸಾಲದು. ಹಲ್ಲು, ಪಕ್ಕೆಲುಬು, ಎಲ್ಲ ಕಡೆಯೂ ಅದೇ. ನಾಲ್ಕು ಲಾಳಿಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತಿದ್ದವು, ಹಸಿರು ಅಂಚಿನ ಸೀರೆಗಳು ಬೆರಳಗಲ ಬೆರಳಗಲ ಬೆಳೆಯುತ್ತಿದ್ದವು.

ಆ ತುದಿಯಲ್ಲಿ ತೆಳ್ಳಗಿನ ಗಂಡಸೊಬ್ಬರು ಬಗ್ಗಿ ನಿಂತಿದ್ದರು. ಲಗಮಪ್ಪ. ತಲೆ ಎತ್ತಿ ನಮ್ಮನ್ನು ನೋಡಿದರು, ತುಟಿ ಅಲ್ಲಾಡಿಸಿದರು. ಅಕ್ಕ ಈ ತುದಿಯಿಂದ ತುಟಿ ಅಲ್ಲಾಡಿಸಿದರು. ಅವರು ಎರಡು ಬೆರಳು ಎತ್ತಿ ಮಡಚಿದರು. ಅಕ್ಕ ಹಣೆ ಮುಟ್ಟಿ ಕೈ ಕೊಡವಿದರು. ಅವರು ನನ್ನ ಕಡೆ ಗಲ್ಲ ತೋರಿಸಿ ಏನೋ ಅಂದರು, ಅಕ್ಕನಿಗೆ ಆ ದಿನ ಮೊದಲ ಸಲ ನಗು ಬಂತು. ಇಷ್ಟೆಲ್ಲ ಆಗುವಾಗ ಇಬ್ಬರ ನಡುವೆ ನಾಲ್ಕು ಮಗ್ಗ ಓಡುತ್ತಿದ್ದವು.

ಆಮೇಲೆ ಅಕ್ಕ ನನ್ನ ಮುಖದ ಮುಂದೆ ಬಂದು ತುಟಿ ದೊಡ್ಡದಾಗಿ ಆಡಿಸಿ ಏನೋ ಕೇಳಿದರು.

ನನಗೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಕೇಳಿದರು. ನಾನು ಅವರ ಬಾಯಿಗೇ ಕಿವಿ ಹಚ್ಚಿದೆ. ಅವರ ಉಸಿರು ತಾಗಿತು. ದನಿ ಇರಲಿಲ್ಲ! ಗದ್ದಲದಲ್ಲಿ ಮುಳುಗಿಹೋದ ದನಿ ಅಲ್ಲ, ಗಂಟಲಿನಿಂದ ದನಿ ಹೊರಟೇ ಇರಲಿಲ್ಲ. ಬರೀ ತುಟಿ, ಬರೀ ಕೈ.

ನಾನು ಅವರ ಕೈ ಹಿಡಿದು ಮುಂದಿನ ಕೋಣೆಗೆ ಎಳೆದುಕೊಂಡು ಬಂದು ಬಾಗಿಲು ಹಾಕಿದೆ.

"ಅಕ್ಕಾ, ಈಗ ಒಳಗೆ ನನಗೆ ಏನೋ ಕೇಳಿದ್ರಲ್ಲ, ಏನು?"

"ಚಾ ಕುಡೀತೀಯೇನ್ ಅಂತ ಕೇಳಿದ್ನಿ. ಯಾಕ?"

"ದನಿ ಮಾಡಿ ಕೇಳಿದ್ರಾ?"

"ಮತ್ತ? ಒದರಿ ಕೇಳಿದ್ನೆಲ್ಲ."

"ಒದರಲಿಲ್ಲ ಅಕ್ಕಾ! ನಿಮ್ಮ ಗಂಟಲು ಸುಮ್ಮನಿತ್ತು!"

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಕೈ ತಾನಾಗಿಯೇ ಗಂಟಲ ಮೇಲೆ ಹೋಯಿತು. ಇಪ್ಪತ್ತೈದು ವರ್ಷ ಮಗ್ಗದ ನಡುವೆ ನಿಂತವರಿಗೆ, ಮಗ್ಗ ಓಡುವಾಗ ದನಿ ದಂಡ ಅಂತ ಗಂಟಲಿಗೇ ಗೊತ್ತಾಗಿಬಿಟ್ಟಿತ್ತು. ಅದು ಅಕ್ಕನಿಗೆ ಮಾತ್ರ ಗೊತ್ತಿರಲಿಲ್ಲ.

"ವೈವಾ ಇದ್ದಾಗ ಮಗ್ಗ ಓಡ್ತಿದ್ವಾ?"

"ಹನ್ನೊಂದರಿಂದ ಒಂದರ ಮಟಾ ಕರೆಂಟ್ ಇರಂಗಿಲ್ಲ. ಅದಕ್ಕ ಹನ್ನೆರಡರ ವ್ಯಾಳೆ ತಗೊಂಡಿದ್ನಿ. ಇಲ್ಲೇ ಕುಂತಿದ್ನಿ, ಶೆಡ್ಡಿನ ಬಾಗಲಾ ತೆರದಿತ್ತು. ಆದ್ರ ಅವತ್ತ ನಡಬರಕ ಕರೆಂಟ್ ಬಂದ ಬಿಟ್ತು." ಗಂಟಲನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಮೇಡಂ ದನಿ ಬರವಲ್ದು ಅಂದ್ರು. ತುಟಿ ನೋಡಿದ್ನಿ, ತಿಳೀತು. ನಾ ಜೋರ ಮಾಡಿದ್ನೆಲ್ಲ?"

ಜೋರು ಮಾಡಿದ್ದರು. ಬಾಯಿ ಎರಡು ಪಟ್ಟು ದೊಡ್ಡದು ಮಾಡಿದ್ದರು, ಕೈ ತಲೆಯವರೆಗೆ ಎತ್ತಿದ್ದರು. ಮಗ್ಗದ ಮನೆಯಲ್ಲಿ ಜೋರು ಅಂದರೆ ಅಷ್ಟೇ.

*

ಚಹಾ ಆರುತ್ತಿತ್ತು, ನಾನು ಕುಡಿಯಲಿಲ್ಲ, ನನ್ನ ತಲೆಯಲ್ಲಿ ಒಂದು ಉಪಾಯ ಕುಣಿಯುತ್ತಿತ್ತು. ಲಗಮಪ್ಪನವರನ್ನು ಹೊರಗಿನ ಕಟ್ಟೆಗೆ ಕರೆತರಿಸಿದೆ. ಅಕ್ಕನ ಮೊಬೈಲಿಗೂ ವಿಡಿಯೊದ ಲಿಂಕ್ ಬಂದಿತ್ತು. ಇಯರ್‌ಫೋನ್ ನಾನು ಹಾಕಿಕೊಂಡೆ. ಪ್ರಶ್ನೆ ನನಗೆ ಮಾತ್ರ ಕೇಳಬೇಕು, ಅವರಿಗೆ ಹೆಂಡತಿಯ ಮುಖ ಮಾತ್ರ ಕಾಣಬೇಕು.

"ಇದ್ರಾಗ ಅಕ್ಕ ಏನಂತಾರೆ, ನೀವು ಹೇಳ್ಬೇಕು ಕಾಕಾ."

"ಅಕಿ ಇಲ್ಲೇ ಕುಂತಾಳಲ್ಲವಾ, ಅಕಿನ್ನ ಕೇಳ."

"ಅಕ್ಕ ಹೇಳಬಾರದು. ನೀವೇ ಹೇಳಬೇಕು."

"ಇಷ್ಟ ವರ್ಷದಾಗ ಇಕಿ ಹೇಳಿದ್ದ ತಿಳಕೊಂಡಿಲ್ಲಂತ ಊರ ಮಂದಿ ಮುಂದ ಹೇಳ್ತಾಳ. ಈಗ ಪರೀಕ್ಷಾ ಬ್ಯಾರೆ," ಅಂತ ಗೊಣಗುತ್ತ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಗ್ಗಿದರು.

ನನ್ನ ಕಿವಿಯಲ್ಲಿ ಮೇಡಂ ಕೇಳಿದರು: ನೀವು ಎಷ್ಟು ಮನೆಗಳನ್ನು ಆಯ್ದುಕೊಂಡಿರಿ?

ಪರದೆಯಲ್ಲಿ ಅಕ್ಕನ ತುಟಿ ಆಡಿತು. ಲಗಮಪ್ಪ ಅಂದರು, "ಹದಿನೇಳ ಮನಿ ರೀ ಮೇಡಂ ಅನ್ನಾಕತ್ಯಾಳ."

ಅಕ್ಕ ಕಂಬಕ್ಕೆ ಒರಗಿ ಕೂತಿದ್ದರು, ಒಮ್ಮೆ ತಲೆ ಆಡಿಸಿದರು.

ಮೇಡಂ ಕೇಳಿದರು: ಮಾಹಿತಿಯನ್ನು ಹೇಗೆ ಸಂಗ್ರಹಿಸಿದಿರಿ?

"ಬರೇ ಹೋಗಿ ಕೇಳಿದ್ರ ಯಾರೂ ಹೇಳಂಗಿಲ್ರಿ," ಲಗಮಪ್ಪ ತಡೆದು ತಡೆದು ಹೇಳಿದರು, "ಅವ್ರ ಬಾಜೂಕ ಕುಂತ... ಕಂಡಿಕಿ ಸುತ್ತಕೋತ ಕೇಳಿದ್ನಿ. ಕೈ ಕೆಲಸದಾಗ ಇದ್ರ ಬಾಯಿ ಖರೆ ಹೇಳ್ತೈತಿ."

ಪ್ರಶ್ನೆಗೆ ಉತ್ತರ ಹೇಗೆ ಕೂಡುತ್ತಿತ್ತು! ಪ್ರಶ್ನೆ ಕೇಳದ ಮನುಷ್ಯ ಸರಿಯಾದ ಉತ್ತರ ಹೇಳುತ್ತಿದ್ದಾರೆ, ಅದೂ ಹೆಂಡತಿಯ ತುಟಿಯಿಂದ ಎತ್ತಿಕೊಂಡು! ನಾನು ಕೂತಲ್ಲೇ ಕುಣಿದೆ. ಮೇಡಂ "ಧ್ವನಿ ಬರ್ತಾ ಇಲ್ಲ" ಅಂದಾಗ ಲಗಮಪ್ಪನವರಿಗೆ ನಗು ತಡೆಯಲಿಲ್ಲ.

"'ಈಗ ಕೇಳಸ್ತೈತ್ರಿ ಮೇಡಂ? ಈಗ ಕೇಳಸ್ತೈತ್ರಿ?' ಅಂತಾಳ. ಎಲ್ಲಿಂದ ಕೇಳಸ್ಬೇಕ್ ಲೇ ಅವರಿಗೆ? ನಮ್ಮ ಓಣ್ಯಾಗಿನ ಮೇಡಂ ಏನ್ ಅವ್ರು?"

ಮುಂದಿನ ಕ್ಷಣ ಪರದೆಯಲ್ಲಿ ಅಕ್ಕ ಎಡಕ್ಕೆ ತಿರುಗಿದರು. ಅಂಗೈ ಎರಡು ಸಲ ಕೆಳಗೆ ಒತ್ತಿದರು. ತುಟಿ ಆಡಿತು.

ಲಗಮಪ್ಪ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡರು.

"ಕಾಕಾ? ಇದೇನು? ಇದೇ ಮುಖ್ಯ. ಇದನ್ನೇ ಅವರು ಕೈಸನ್ನೆ ಅಂತ ಬರೆದಿದ್ದಾರೆ."

ಅವರು ಮೊಬೈಲಿನಿಂದ ಕಣ್ಣು ತೆಗೆದು ಓಣಿ ನೋಡತೊಡಗಿದರು. ಅಕ್ಕನೂ ಅತ್ತ ಕಡೆಯೇ ನೋಡಿದರು.

"ಅದು ನನಗ ಅಂದದ್ದು," ಅಂದರು ಲಗಮಪ್ಪ. "ಬಂದ್ ಮಾಡ್ರಿ, ಐದ ನಿಮಿಷ."

"ನೀವು ನೋಡಲಿಲ್ಲೇನು?"

"ನೋಡಿದ್ನಿ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಸಂಜೀಕ ಸೀರಿ ಕೊಡೂದಿತ್ತು. ಕರೆಂಟ್ ಮತ್ತ ಹೋದ್ರ ಆಗಂಗಿಲ್ಲ ಅಂತ... ಐದ ನಿಮಿಷದಾಗ ಏನಾಗ್ತೈತಿ ಅಂದ್ಕೊಂಡ್ನಿ."

ವಿಡಿಯೊ ಓಡುತ್ತಲೇ ಇತ್ತು. ಮೇಡಂ ಕೊನೆಯ ಪ್ರಶ್ನೆ ಕೇಳುತ್ತಿದ್ದರು: ನಿಮ್ಮ ಅಧ್ಯಯನದಿಂದ ಕಂಡುಬಂದ ಮುಖ್ಯ ಅಂಶವೇನು? ಲಗಮಪ್ಪ ನೋಡುತ್ತಿರಲಿಲ್ಲ. ನಾನು ಅಕ್ಕನ ಮುಖ ನೋಡಿದೆ.

"ಅದನ್ನ ನಾ ಹೇಳ್ತೇನಿ," ಅಂದರು ಅಕ್ಕ. "ದಿನದಾಗ ಯಾವಾಗ ಕುಂಡ್ರತೀರಿ ಅಂತ ಕೇಳಿದ್ನಿ. ಹದಿನೇಳರಾಗ ಹದಿನಾಲ್ಕ ಮಂದಿ, ಕರೆಂಟ್ ಹೋದಾಗ ಅಂದ್ರು."

"ಉಳಿದ ಮೂವರು?"

"ಅವ್ರು ನಕ್ಕರು."

*

ನಾಲ್ಕೂ ಮುಕ್ಕಾಲಿಗೆ ಭರತೇಶ ಸರ್‌ಗೆ ಫೋನ್ ಹಚ್ಚಿದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ, ಶೆಡ್ಡು, ತುಟಿ, ಚಹಾ, ಹದಿನೇಳು ಮನೆ. ನಿಧಾನ ಹೇಳು ಅಂತ ಎರಡು ಸಲ ಅಂದರು.

"ಇಪ್ಪತ್ತ ವರ್ಷದಿಂದ ಇದ ಊರ ಕಡೆ ಅಡ್ಡಾಡ್ತೇನಿ. ನನಗರ ಹೊಳೀಬೇಕಾಗಿತ್ತು," ಅಂದರು. "ಕಾರಣ ಬರೀತೇನಿ. ಮಗ್ಗ ಚಾಲೂ ಇದ್ದಾಗ ಇವರು ತುಟೀಲೆ ಮಾತಾಡ್ತಾರ, ದನೀಲೆ ಅಲ್ಲ, ಇಪ್ಪತ್ತೈದ ವರ್ಷದ ರೂಢಿ. ಇದು ಆತು. ಆದ್ರ ಕೈಸನ್ನಿಗೆ ಏನ್ ಬರೀಲಿ? ಹೊರಗ ಇದ್ದವರು ಯಾರು ಅಂತ ಅಲ್ಲಿ ಕೇಳೇ ಕೇಳ್ತಾರ."

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಅಕ್ಕ ತಡಮಾಡದೆ, "ಎಳಿ ಕಡದಿತ್ತು, ಅದನ್ನ ತೋರಸಿದ್ನಿ ಅಂತ ಬರೀರಿ," ಅಂದರು. ಗಂಡನ ಹೆಸರು ಅದರಲ್ಲಿ ಬರಬಾರದು ಅಂತ ಅವರಿಗೆ ಇದ್ದಂತೆ ಕಂಡಿತು.

ಲಗಮಪ್ಪ ಕೈ ಚಾಚಿ ಫೋನ್ ತೆಗೆದುಕೊಂಡರು.

"ಸರ, ನಮಸ್ಕಾರ್ರಿ. ನಾ ಇಕಿ ಮಾಲಕ. ನನ್ನ ಹೆಸರ ಬರೀರಿ. ಲಗಮಪ್ಪ. ಮಗ್ಗ ಬಂದ್ ಮಾಡ ಅಂತ ಅಕಿ ಅಂದ್ಳು, ನಾ ಮಾಡಲಿಲ್ಲ. ಹಿಂಗ ಬರೀರಿ. ಎಳಿ ಪಿಳಿ ಏನೂ ಕಡದಿದ್ದಿಲ್ಲ."

ಫೋನ್ ನನಗೆ ಕೊಟ್ಟು ಒಳಗೆ ಹೋದರು.

ಹತ್ತು ನಿಮಿಷಕ್ಕೆ ಸರ್ ಮರಳಿ ಫೋನ್ ಮಾಡಿದರು. ಫಾರ್ಮ್ ಹೋಗಿತ್ತು, ದಿನಾಂಕ ಬಂದಿತ್ತು. ಬರುವ ಗುರುವಾರ ಹನ್ನೊಂದು ಗಂಟೆಗೆ ವೈವಾ, ಈ ಸಲ ಮನೆಯಲ್ಲಿ ಬೇಡ, ಜಮಖಂಡಿಯ ಕೇಂದ್ರದ ಕಂಪ್ಯೂಟರ್ ಮುಂದೆ. "ಇದ ಕಡೀದು ಅಂತ ಹೇಳವಾ ಅವರಿಗೆ. ಇನ್ನೊಮ್ಮೆ ಸಿಗಂಗಿಲ್ಲ. ನಾ ಹೊಂಟೆ, ಹೊತ್ತ ಮುಳಗಾಕ ಬಂತು."

ನಾನು ಕೂಗಿ ಹೇಳಿದೆ. ಅಕ್ಕ "ಆತು" ಅಂದರು, ಅಷ್ಟೇ.

"ಖುಷಿ ಆಗಲಿಲ್ವಾ ಅಕ್ಕಾ?"

"ಖುಷಿ ಪಡಾಕೂ ಮೈಯಾಗ ಕಸುವ ಬೇಕಲ್ಲ ತಂಗಿ. ಆಗ್ತೇನಿ, ಸ್ವಲ್ಪ ತಡಿ." ಕಾಲು ಚಾಚಿ ಮೊಣಕಾಲು ಒತ್ತಿಕೊಂಡರು. "ಒಂದ ಅಂಜಿಕಿ ಐತಿ. ಅಲ್ಲಿ ಕಂಪ್ಯೂಟರ್ ಮುಂದ ಕುಂತಾಗ ಎದಿ ಡವಡವ ಅಂತೈತಿ. ಆ ಸಪ್ಪಳಕ್ಕ ಇದು ಮತ್ತ ಬಂದ್ ಆದ್ರ?" ಗಂಟಲು ಮುಟ್ಟಿ ತೋರಿಸಿದರು. "ನನಗ ಗೊತ್ತ ಆಗಂಗಿಲ್ಲ ನೋಡ. ನಾ ಮಾತಾಡೇನಿ ಅಂತನ ತಿಳಕೊಂಡಿರ್ತೇನಿ."

ಇದಕ್ಕೆ ಯಾವ ಸೆಟ್ಟಿಂಗೂ ಇರಲಿಲ್ಲ.

ಅಷ್ಟರಲ್ಲಿ ಏನೋ ಬದಲಾಯಿತು. ನೆಲದ ನಡುಕ ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು. ಕರೆಂಟ್ ಹೋಯಿತು ಅಂದುಕೊಂಡೆ, ಆದರೆ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು, ಪಕ್ಕದ ಮನೆಯ ಮಗ್ಗಗಳು ಗೋಡೆಯಾಚೆ ಬಡಿದುಕೊಳ್ಳುತ್ತಲೇ ಇದ್ದವು. ನಾವು ಎದ್ದು ಶೆಡ್ಡಿಗೆ ಹೋದೆವು. ಲಗಮಪ್ಪ ನಾಲ್ಕನೇ ಮಗ್ಗವನ್ನೂ ನಿಲ್ಲಿಸುತ್ತಿದ್ದರು. ಕರೆಂಟ್ ಇರುವಾಗ ನಾಲ್ಕೂ ಮಗ್ಗ ನಿಂತದ್ದನ್ನು ಅಕ್ಕ ಎಂದೂ ನೋಡಿರಲಿಲ್ಲವೋ ಏನೋ, ಬಾಗಿಲಲ್ಲೇ ನಿಂತುಬಿಟ್ಟರು.

"ಹುಡುಗಿ, ಆ ಮೇಡಂ ಕೇಳಿದ್ದನ್ನ ಕೇಳ," ಅಂದರು ಲಗಮಪ್ಪ. ಆ ತುದಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. "ನಾ ತಿರಗಿ ನೋಡಂಗಿಲ್ಲ. ನನಗ ಕೇಳಸ್ತಂದ್ರ ಕೈ ಎತ್ತತೇನಿ. ಕೈ ಎತ್ತಲಿಲ್ಲಂದ್ರ ಮೇಡಂಗೂ ಕೇಳಸಿಲ್ಲ ಅಂತ ತಿಳಕೋ."

ನಾನು ಕೇಳಿದೆ, "ಎಷ್ಟು ಮನೆಗಳನ್ನು ಆಯ್ದುಕೊಂಡಿರಿ?"

ಅಕ್ಕನ ತುಟಿ ಆಡಿತು. ಕೈ ಅರ್ಧ ಎದ್ದಿತು. ಗೋಡೆಯ ಕಡೆಗಿದ್ದ ಬೆನ್ನು ಅಲ್ಲಾಡಲಿಲ್ಲ.

ಅಕ್ಕನಿಗೆ ಸಿಟ್ಟು ಬಂತು. ಗಂಡನ ಬೆನ್ನನ್ನು ನೋಡುತ್ತ, ಸೆರಗಿನ ಕೆಳಗೆ ಎರಡೂ ಕೈ ಕಟ್ಟಿಕೊಂಡರು. ನಾನು ಇನ್ನೊಮ್ಮೆ ಕೇಳಿದೆ. ಮೊದಲು ಒಂದು ಕೆಮ್ಮು ಬಂತು. ಆಮೇಲೆ ಒರಟಾಗಿ, ಬಾವಿಯಿಂದ ಎಳೆದ ಹಾಗೆ, "ಹದಿನೇಳ... ಮನಿ ರೀ."

ಲಗಮಪ್ಪ ಕೈ ಎತ್ತಿದರು.

ಒಂಬತ್ತು ಪ್ರಶ್ನೆ ಕೇಳಿದೆ. ಕೈ ಐದು ಸಲ ಎದ್ದಿತು. ನಾಲ್ಕು ಸಲ ಏಳಲಿಲ್ಲ, ಆ ನಾಲ್ಕೂ ಸಲ ಅಕ್ಕ ತಾನು ಹೇಳಿದೆ ಅಂತಲೇ ತಿಳಿದಿದ್ದರು. ಕೊನೆಗೆ ಅವರು ಮಗ್ಗದ ದಂಡೆಗೆ ಕೂತರು. ನಾಲ್ಕು ಮಗ್ಗ ನಿಂತಿದ್ದವು, ಕರೆಂಟ್ ಇತ್ತು, ಅಕ್ಕ ಕೂತಿದ್ದರು, ಯಾರೂ ಏಳು ಅನ್ನಲಿಲ್ಲ.

ನನ್ನ ಬಸ್ಸಿನ ಹೊತ್ತಾಗಿತ್ತು. ಗಂಟಲು ಒಡೆದ ದನಿಯಲ್ಲಿ ಅಕ್ಕ ಹೇಳಿದರು, "ಗುರುವಾರ ಸೀದಾ ಕೇಂದ್ರಕ್ಕ ಹೋಗಬ್ಯಾಡ. ಎಂಟರ ಬಸ್ಸಿಗೆ ಇಲ್ಲಿಗೆ ಬಾ. ಕೂಡೇ ಹೋಗೂಣು. ಕಂಪ್ಯೂಟರ್ ಹಿಂದ ನನ್ನ ಕಡೆ ಬೆನ್ನ ಮಾಡಿ ಕುಂಡ್ರಾಕ ಯಾರರ ಒಬ್ಬರು ಬೇಕು."

"ಕೈ ಎತ್ತಿದ್ರೆ ಮೇಡಂ ಅದನ್ನೂ ಕೈಸನ್ನೆ ಅಂತ ಬರೀತಾರೆ ಅಕ್ಕಾ!"

ಅಕ್ಕ ಒಂದು ಕ್ಷಣ ಯೋಚಿಸಿದರು.

"ಹಂಗಾರ ಕೈ ಎತ್ತಬ್ಯಾಡ. ಕೆಮ್ಮ," ಅಂದರು. "ಎಂಟರ ಬಸ್. ಮರೀಬ್ಯಾಡ."